ಕಂಬದವರೆಗೆ ಹೋಗಿ ಬಂದವರು

ಗುಂಡ್ಲುಪೇಟೆಯಿಂದ ಫೋನು ಬಂದಾಗ ನಾನು ಚಾಮರಾಜನಗರದ ನನ್ನ ಅಂಗಡಿಯಲ್ಲಿ ಯಾರದೋ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. "ನಿಮ್ಮಣ್ಣ ಓಗ್ಬುಟ್ರು ಕಣಪ್ಪ" ಎಂದರು ಅತ್ತಿಗೆ. ದನಿಯಲ್ಲಿ ಅಳು ಇರಲಿಲ್ಲ, ಸುಸ್ತು ಇತ್ತು. ಫೋನಿಟ್ಟ ಮೇಲೆ ನನಗೆ ಮೊದಲು ಬಂದದ್ದು ದುಃಖ ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಹೆದರಿಕೆ. ಆ ಮನುಷ್ಯ ಎರಡು ಕಣ್ಣು ಹೇಗೆ ಕಳೆದುಕೊಂಡರು ಎಂಬುದು ಲೋಕದಲ್ಲಿ ಇಬ್ಬರಿಗೆ ಪೂರ್ತಿಯಾಗಿ ಗೊತ್ತಿತ್ತು. ಇನ್ನು ಮೇಲೆ ನನ್ನೊಬ್ಬನಿಗೆ.

ಹೆಸರು ಬೇಡ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ನಂಟಸ್ತನವೇನಿಲ್ಲ. ಚಾಮರಾಜನಗರದ ಕಡೆ ಟೆಲಿಫೋನಿನ ಕೆಲಸದಲ್ಲಿ ಅವರು ಲೈನ್‌ಮನ್, ನಾನು ಅವರ ಕೈಕೆಳಗೆ ದಿನಗೂಲಿಯವನು. ಆಗಲೇ ನನಗೆ ಮದುವೆಯಾಗಿತ್ತು, ಒಂದು ಮಗು ಇತ್ತು, ಯಾರ ಮಾತನ್ನೂ ಕೇಳದ ಕೊಬ್ಬೂ ಇತ್ತು. ಆ ಕೊಬ್ಬನ್ನು ಇಳಿಸಿದವರು ಅವರು.

ಕುಳ್ಳಗೆ, ಕರ್ರಗೆ, ಗಟ್ಟಿ ಆಳು. ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು. ಶೋಕಿಗಲ್ಲ. ತಂತಿಯ ಮೇಲಿನ ಸಿಪ್ಪೆ ಸುಲಿಯಲು ಆ ಉಗುರೇ ಸಾಕಿತ್ತು. ರಸ್ತೆಯಡಿಯ ಗುಂಡಿಗೆ ಇಳಿದು, ಮಬ್ಬು ಬೆಳಕಿನಲ್ಲಿ ನೂರು ಜೋಡಿ ಎಳೆಗಳ ಕೇಬಲ್ಲನ್ನು ಬಿಡಿಸಿ, ಇದು ನೀಲಿ, ಇದು ಹಸಿರು, ಇದು ಬೂದಿ ಎಂದು ಮಲ್ಲಿಗೆ ಕಟ್ಟುವವರ ಹಾಗೆ ಪಟಪಟ ಬೇರೆ ಮಾಡುತ್ತಿದ್ದರು. ನಾನು ಟಾರ್ಚ್ ಹಿಡಿದರೆ, "ಆ ಕಡೀಕ್ ಇಡ್ಕ, ಕಣ್ಗ ಒಡೀತದ" ಎಂದು ಬೈಯುತ್ತಿದ್ದರು. ಅಂಥ ಕಣ್ಣು ಅವರದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ನೆನಪಿಟ್ಟುಕೊಳ್ಳಬೇಕಾಗಿದ್ದ ನಾನೇ ಮರೆತೆ.

ಅಂದಾಜು ಅವರಿಗೆ ಆಗುತ್ತಿರಲಿಲ್ಲ. "ಅಲ್ಲೇನೋ ಕಟ್ಟಾಗಿರಬೇಕು ಅಣ್ಣ" ಎಂದರೆ, "ಇರ್ಬೇಕು ಅನ್ನೋನು ಶಾಸ್ತ್ರ ಏಳಕ್ಕ ಓಗ್ಲಿ" ಎನ್ನುತ್ತಿದ್ದರು. ಫೋನು ಸತ್ತಿದೆ ಎಂದು ದೂರು ಬಂದರೆ ಮೂಲದಿಂದ ಹೊರಟು, ಒಂದೊಂದೇ ಕೂಡಿಕೆ ಮುಟ್ಟಿ ನೋಡುತ್ತಾ, ಕಂಬದಿಂದ ಕಂಬಕ್ಕೆ, ಕೊನೆಗೆ ಮನೆಯ ಒಳಗೆ, ಫೋನಿನವರೆಗೆ ಹೋಗಬೇಕು. ನಡುವೆ ಒಂದನ್ನೂ ಹಾರಬಾರದು. "ದೋಷ ಎಲ್ಗೂ ಓಗಲ್ಲ ಕಣ್ಲಾ. ನಾವು ಬರಗಂಟ ಕಾಯ್ಕಂಡ್ ಕೂತಿರ್ತದ." ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ತಂತಿಯ ದೋಷಕ್ಕೆ ಅದು ನಿಜ. ಎಲ್ಲ ದೋಷಗಳೂ ಅಷ್ಟು ತಾಳ್ಮೆಯಿಂದ ಕಾಯುವುದಿಲ್ಲ ಎಂಬುದನ್ನು ಅವರು ಹೇಳಿಕೊಡಲಿಲ್ಲ. ಅವರಿಗೂ ಗೊತ್ತಿರಲಿಲ್ಲವೇನೋ.

ಇನ್ನೊಂದು ಪದ್ಧತಿಯಿತ್ತು. ರಿಪೇರಿಗೆ ಹೋದ ಮನೆಯಲ್ಲಿ ಫೋನಿನ ಗಂಟೆ ಹೊಡೆಯುವ ತನಕ ಅವರು ಕೂರುತ್ತಿರಲಿಲ್ಲ, ಟೀ ಇರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ಮನೆಯವರು ಮಜ್ಜಿಗೆ ಹಿಡಿದು ನಿಂತರೂ ಅಷ್ಟೇ. ಗಂಟೆ ಹೊಡೆಯಬೇಕು, ಮನೆಯವರೇ ಎತ್ತಿ ಮಾತಾಡಬೇಕು, ಆಮೇಲೆ ಅವರು ಚಾಪೆಯ ಅಂಚಿನಲ್ಲಿ ಕೂತು ಲೋಟಕ್ಕೆ ಕೈಚಾಚುತ್ತಿದ್ದರು. ಕೆಲಸ ಮುಗಿಯದ ಮನೆಯ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು.

ಚಂದಕವಾಡಿಯ ಒಂದು ಮನೆಯ ಕಥೆ ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ.

ಆ ಮನೆಯ ಫೋನು ಸತ್ತಿದೆ ಎಂದು ದೂರು ಬಂದಿತ್ತು. ಅಣ್ಣ ಬೇರೆ ಕಡೆ ಹೋಗಿದ್ದರು, ನನ್ನೊಬ್ಬನನ್ನೇ ಕಳಿಸಿದರು. ಮಧ್ಯಾಹ್ನದ ಸುಡುಬಿಸಿಲು. ಮನೆಯ ಮುಂದಿನ ಕಂಬ ಹತ್ತಿ, ಕಡಿದಿದ್ದ ಒಂದು ಎಳೆ ಸೇರಿಸಿ, ಟೆಸ್ಟ್ ಫೋನು ಹಚ್ಚಿ ಕೇಳಿದೆ. ದನಿ ಬರುತ್ತಿತ್ತು. ಕಂಬದವರೆಗೆ ಸರಿಯಿದ್ದ ಮೇಲೆ ಮನೆಯೊಳಗೂ ಸರಿಯಿರುತ್ತದೆ ಎಂದುಕೊಂಡು ಇಳಿದೆ. ಬಾಗಿಲಲ್ಲಿ ನಿಂತಿದ್ದ ಮುದುಕಪ್ಪನಿಗೆ ಸರಿಹೋಯಿತು ಎಂದು ಕೂಗಿ ಹೇಳಿ ಬಸ್ಸು ಹತ್ತಿದೆ. ಒಳಗೆ ಗೋಡೆಯ ಡಬ್ಬಿಯ ಹಿಂದೆ ಇಲಿ ತಂತಿ ಕಡಿದಿತ್ತು. ಕಡಿದದ್ದು ಎರಡು ಕಡೆ, ನಾನು ನೋಡಿದ್ದು ಒಂದು ಕಡೆ.

ಆ ಮನೆಯ ಮಗಳು ಮೈಸೂರಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ಮಾರನೇ ದಿನ ರಕ್ತ ಬೇಕಾಯಿತು. ಅವಳ ಒಡಹುಟ್ಟಿದ ಅಣ್ಣನ ರಕ್ತ ಹೊಂದುತ್ತದೆ ಎಂದು ಅಲ್ಲಿಂದ ಮನೆಗೆ ಮೂರು ಸಲ ಫೋನು ಮಾಡಿದರಂತೆ. ಮಾಡಿದವರ ಕಿವಿಗೆ ಗಂಟೆ ಹೊಡೆಯುತ್ತಲೇ ಇತ್ತು. ಮನೆಯಲ್ಲಿ ಸದ್ದಿಲ್ಲ. ಸುದ್ದಿ ಸಂಜೆ ಬಸ್ಸಿಗೆ ಬಂದ ಯಾರದೋ ಬಾಯಲ್ಲಿ ತಲುಪುವ ಹೊತ್ತಿಗೆ ಹುಡುಗಿ ತೀರಿಕೊಂಡಿದ್ದಳು. ಅವಳ ಅಣ್ಣ ಆ ದಿನ ಮನೆ ಹಿಂದಿನ ಕಣದಲ್ಲಿ ಅರಿಸಿನ ಬೇಯಿಸುತ್ತಿದ್ದ. ಉರಿಯ ಸದ್ದಿನಲ್ಲಿ ಗಂಟೆ ತನಗೇ ಕೇಳಿಸಲಿಲ್ಲ ಎಂದು ಅವನು ತಲೆ ಚಚ್ಚಿಕೊಳ್ಳುತ್ತಿದ್ದನಂತೆ.

ಅಣ್ಣ ನನ್ನನ್ನು ಬೈಯಲಿಲ್ಲ. ಮೂರನೇ ದಿನ ಹಾಲುತುಪ್ಪ ಮುಗಿದ ಮೇಲೆ, "ಬಾ, ಓಗನ" ಎಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ಮನೆಗೆ ಕರೆದೊಯ್ದರು. ಡಬ್ಬಿ ಬಿಚ್ಚಿ, ಇಲಿ ಕಡಿದ ತಂತಿ ಸೇರಿಸಿ, ಎಕ್ಸ್‌ಚೇಂಜಿನವರಿಗೆ ಗಂಟೆ ಹೊಡೆಸಲು ಹೇಳಿದರು. ಸಾವಿನ ಮನೆಯಲ್ಲಿ ಆ ಗಂಟೆ ಎಷ್ಟೋ ಹೊತ್ತು ಹೊಡೆಯಿತು. ಯಾರೂ ಎದ್ದು ಎತ್ತಲಿಲ್ಲ. ಸತ್ತವಳ ಅಣ್ಣ ಗೋಡೆಗೆ ಒರಗಿ ಕೂತವನು ಫೋನನ್ನೇ ನೋಡುತ್ತಿದ್ದ. ಕೊನೆಗೆ ನಾನೇ ಎತ್ತಬೇಕಾಯಿತು.

ವಾಪಸ್ ಬರುವಾಗ ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಅಣ್ಣ ಹೇಳಿದ್ದು ಒಂದೇ ಮಾತು: "ಕಂಬದಗಂಟ ಓಗ್ಬುಟ್ಟು ಬಂದೆ ಅಂದ್ರ ಓಗ್ನೇ ಇಲ್ಲ ಅಂತ ಕಣ್ಲಾ." ನಾನು ಅಳುತ್ತಾ, ನನ್ನದೇ ತಪ್ಪು ಎಂದು ಆ ಮನೆಯವರಿಗೆ ಹೇಳಿ ಬರುತ್ತೇನೆ ಎಂದೆ. ಬೇಡ ಎಂದರು. "ಏಳುದ್ರ ಅವ್ರ ಮಗ ಬತ್ತದಾ?" ಎಂದರು. ಆ ಕಡೆ ಹೆಣ್ಣುಮಕ್ಕಳನ್ನೂ ಮಗ ಎನ್ನುವುದುಂಟು. ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಎಂದದ್ದು ನನಗೆ ಹಾಯೆನಿಸಿತು. ಅರಿಸಿನ ಬೇಯಿಸುತ್ತಿದ್ದ ಆ ಹುಡುಗ ಇವತ್ತಿಗೂ ತನ್ನ ಕಿವಿಯನ್ನೇ ಶಪಿಸುತ್ತಿರಬಹುದು.

ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಹರದನಹಳ್ಳಿಯಂಥ ಊರಿನಲ್ಲೂ ಜನ ಮನೆಯ ಫೋನನ್ನು ಬಟ್ಟೆ ಮುಚ್ಚಿ ಮೂಲೆಗಿಟ್ಟರು. ನನ್ನ ಕೂಲಿ ಕೆಲಸ ನಿಂತಿತು. ಕಂಪ್ಯೂಟರ್ ರಿಪೇರಿ ಕಲಿತು ಒಂದು ಸಣ್ಣ ಅಂಗಡಿ ತೆರೆದೆ. ಅಣ್ಣ ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಕಡೆ ಕಟ್ಟಿಸಿದ್ದ ಮನೆಗೆ ಹೋದರು. ಜಗಲಿಯಲ್ಲಿ ಕೂತರೆ ಎದುರಿಗೆ ಎರಡು ಕಂಬ, ನಡುವೆ ತಂತಿ. "ಪಿಂಚಣಿ ತಕ್ಕಂಡ್ರೂ ಇವು ಬುಡಂಗಿಲ್ಲ ನೋಡು" ಎಂದು ನಗುತ್ತಿದ್ದರು.

ಶುಗರ್ ಇದೆ ಎಂದು ಗೊತ್ತಾಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅತ್ತಿಗೆಯ ಎದುರು ಸಕ್ಕರೆಯಿಲ್ಲದ ಟೀ ಕುಡಿದು ಮುಖ ಕಿವುಚುವುದು, ಆಮೇಲೆ ಪೇಟೆಗೆ ಹೋಗಿ ಮಲಯಾಳಿ ಗೆಳೆಯನ ಬೇಕರಿಯಲ್ಲಿ ದಿಲ್‌ಪಸಂದ್ ತಿನ್ನುವುದು. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದರು.

ನಿವೃತ್ತಿಯ ಮೇಲೆ ಅವರಿಗೆ ಅಂಟಿದ ಹುಚ್ಚು ಒಂದೇ. ಜೀವಮಾನವೆಲ್ಲ ಜನರ ಮಾತು ಸಾಗಿಸಿದ್ದಾಯಿತು, ಇನ್ನು ಕೂತು ಚಿತ್ರ ನೋಡುತ್ತೇನೆ ಎಂದರು. ಕಾಡು, ಕಡಲು, ಪ್ರಾಣಿ ಪಕ್ಷಿಗಳ ಚಿತ್ರಗಳೆಂದರೆ ಪ್ರಾಣ. ಬಂಡೀಪುರ ಪಕ್ಕದಲ್ಲೇ ಇದ್ದರೂ ಹುಲಿಯನ್ನು ಟೀವಿಯಲ್ಲೇ ನೋಡಬೇಕು ಎನ್ನುವವರು. ಅಂಗಡಿಯ ರೆಡಿಮೇಡ್ ಪ್ಲೇಯರು ಬೇಡ, ಬಿಚ್ಚಿ ನೋಡಲಾಗದ ವಸ್ತು ಮನೆಯಲ್ಲಿರಬಾರದು ಎಂದು ಹಟ. ಸರಿ, ನಾವಿಬ್ಬರೇ ಸೇರಿ ಒಂದು ಕಂಪ್ಯೂಟರು ಕಟ್ಟಿದೆವು. ಟೀವಿಯ ಕೆಳಗೆ ಅಡ್ಡಡ್ಡ ಮಲಗುವ ಕರಿ ಪೆಟ್ಟಿಗೆ. ಡಿಸ್ಕು ಹಾಕಿದರೆ ಟೀವಿಯಲ್ಲಿ ಚಿತ್ರ, ನಾಲ್ಕು ಮೂಲೆಯ ಸ್ಪೀಕರುಗಳಲ್ಲಿ ಸದ್ದು. ಮುಂದೆ ಅಣ್ಣ ದೊಡ್ಡ ಎಲ್‌ಸಿಡಿ ಟೀವಿಯನ್ನೂ ತಂದರು. ಬೀದಿಯವರು ನೋಡಲು ಬಂದರೆ ಅಣ್ಣ ಚಿತ್ರ ತೋರಿಸುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ತಂತಿಗಳನ್ನು ತೋರಿಸುತ್ತಿದ್ದರು.

ಸಂಕ್ರಾಂತಿ ಕಳೆದ ವಾರ ಮೊದಲ ದೂರು ಬಂತು. ಚಿತ್ರ ಮಸುಕು. ಹೋಗಿ ಡ್ರೈವಿನ ಲೆನ್ಸನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ. ಯುಗಾದಿಯ ಹೊತ್ತಿಗೆ ಮತ್ತೆ ಮಸುಕು. ಡ್ರೈವನ್ನೇ ಬದಲಾಯಿಸಿದೆ. ಆಮೇಲೆ ಕೇಬಲ್ ಬದಲಾಯಿಸಿದೆ. ಪ್ರತಿ ಸಲ ಅಣ್ಣ ಎರಡು ದಿನ ಸರಿಯಾಗಿದೆ ಎನ್ನುವರು, ಮೂರನೇ ದಿನ ಫೋನು. "ಮಕ ಎಲ್ಲ ನೀರ್‌ನಲ್ಲಿ ಅದ್ದಿ ತಗದಂಗ ಕಾಣ್ತದ ಕಣ್ಲಾ."

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಹಳೆಯ ಡಿವಿಡಿಯ ಚಿತ್ರ ಸಣ್ಣದು. ಅದನ್ನು ಅಷ್ಟು ದೊಡ್ಡ ಎಲ್‌ಸಿಡಿ ಪರದೆಗೆ ಎಳೆದು ಹೊದಿಸಿದರೆ ಯಾರ ಕಣ್ಣಿಗಾದರೂ ಸ್ವಲ್ಪ ಮಸುಕೇ. ಹಾಗಾಗಿ ನನ್ನ ಬಳಿ ಒಂದು ಕಾರಣ ಯಾವಾಗಲೂ ಸಿದ್ಧವಿತ್ತು. ಅರ್ಧ ನಿಜವಾದ ಕಾರಣ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು, ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಟೀವಿಯ ತಪ್ಪಲ್ಲ ಅಣ್ಣ, ಡಿಸ್ಕಿನದು, ಈಗ ಬ್ಲೂ-ರೇ ಅಂತ ಹೊಸ ಡಿಸ್ಕು ಬಂದಿದೆ, ಅದರಲ್ಲಾದರೆ ಹುಲಿಯ ಮೀಸೆ ಎಣಿಸಬಹುದು ಎಂದೆ. ಹಾಗೆ ಹೇಳಿದ್ದು ಆಷಾಢಕ್ಕೂ ಮೊದಲು. ಅವರು ಆಗ ತರಿಸು ಎನ್ನಲಿಲ್ಲ.

ಶ್ರಾವಣದಲ್ಲಿ ಅತ್ತಿಗೆಯ ತಮ್ಮನ ಮಗಳ ಮದುವೆ. ಅದು ಮುಗಿಸಿ ಬಂದ ವಾರ ಅಣ್ಣನೇ ಫೋನು ಮಾಡಿದರು. ಆ ಹೊಸ ಡ್ರೈವು ತರಿಸು, ಎಷ್ಟಾದರೂ ಆಗಲಿ, ಬೇಗ ತರಿಸು ಎಂದರು. ದನಿಯಲ್ಲಿ ಅವರದಲ್ಲದ ಅವಸರ. ಬೇಕರಿಯವನ ತಮ್ಮ ದುಬೈಯಿಂದ ಬರುವಾಗ ಕಡಲೊಳಗಿನ ಜೀವಿಗಳ ಒಂದು ಬ್ಲೂ-ರೇ ಡಿಸ್ಕು ತಂದುಕೊಟ್ಟಿದ್ದನಂತೆ.

ನನಗೂ ಆಸೆಯಿತ್ತು, ಅದನ್ನೇಕೆ ಮುಚ್ಚಿಡಲಿ. ನಮ್ಮ ಜಿಲ್ಲೆಯಲ್ಲಿ ಅಂಥ ಡ್ರೈವನ್ನು ಯಾರೂ ಹಾಕಿರಲಿಕ್ಕಿಲ್ಲ. ಅದೇ ಕೆಲಸಕ್ಕೆ ಹೊರಟಿದ್ದ ಎರಡು ಬಗೆಯ ಡಿಸ್ಕುಗಳಲ್ಲಿ ಒಂದು ಸೋತು ಅಂಗಡಿ ಮುಚ್ಚಿ, ಗೆದ್ದದ್ದು ಬ್ಲೂ-ರೇ ಎಂದು ಆಗಷ್ಟೇ ಗೊತ್ತಾಗಿತ್ತು. ಬೆಂಗಳೂರಿಗೆ ಹೋಗಿ ಡ್ರೈವು ತಂದೆ, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು ತಂದೆ. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಗೌರಿಹಬ್ಬದ ಮಾರನೇ ದಿನ ಪೆಟ್ಟಿಗೆ ಬಿಚ್ಚಿದೆವು. ಎಂದಿನಂತೆ ಸ್ಕ್ರೂಡ್ರೈವರು ಅವರ ಕೈಯಲ್ಲಿ. ಹೊಸ ಡ್ರೈವು ಹಳೆಯದಕ್ಕಿಂತ ಉದ್ದ, ಕೂರಿಸಲು ಜಾಗ ಸಾಲದೆ ಮುಂಭಾಗದ ಬಟನ್ನಿನ ಸಣ್ಣ ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಬೇಕಾಯಿತು. ಅದನ್ನು ಅವರೇ ಮಾಡಿದರು. ಸ್ಕ್ರೂ ಕೂರಿಸುವಾಗ ಮೊದಲು ಹೆಬ್ಬೆರಳಿನ ಉಗುರಿನಲ್ಲಿ ತೂತನ್ನು ತಡವಿ ಹುಡುಕಿ, ಆಮೇಲೆ ಸ್ಕ್ರೂಡ್ರೈವರನ್ನು ಉಗುರಿನ ಮೇಲೇ ಜಾರಿಸಿ ತರುತ್ತಿದ್ದರು. ನಾನು ನೋಡಿದೆ. ಹಳಬರ ಕೈಚಳಕ ಎಂದುಕೊಂಡೆ.

ಎಲ್ಲ ಮುಗಿಸಿ ಬಟನ್ ಒತ್ತಿದರೆ ಪೆಟ್ಟಿಗೆ ಉಸಿರಾಡಲಿಲ್ಲ. ಬಗ್ಗಿ ನೋಡಿದೆ. ನೀಲಿ ತಂತಿ ಇರಬೇಕಾದ ಕಡೆ ಹಸಿರು, ಹಸಿರಿನ ಕಡೆ ನೀಲಿ ಚುಚ್ಚಿದ್ದರು. ನೂರು ಜೋಡಿ ಎಳೆಗಳನ್ನು ಗುಂಡಿಯ ಕತ್ತಲೆಯಲ್ಲಿ ಬೇರೆ ಮಾಡುತ್ತಿದ್ದ ಮನುಷ್ಯ, ಹಗಲು ಹನ್ನೊಂದು ಗಂಟೆಯಲ್ಲಿ, ಕಿಟಕಿಯ ಪಕ್ಕ ಕೂತು, ನೀಲಿಗೂ ಹಸಿರಿಗೂ ವ್ಯತ್ಯಾಸ ಕಾಣದೆ ಹೋಗಿದ್ದರು. ನಾನು ನಕ್ಕುಬಿಟ್ಟೆ. ವಯಸ್ಸಾಯಿತು ಅಣ್ಣ ಎಂದೆ. ಅವರೂ ನಕ್ಕರು. ತಂತಿ ಬದಲಿಸಿದೆ, ಪೆಟ್ಟಿಗೆ ಎದ್ದಿತು. ಆ ನಗು ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮೊದಲು ಚಿತ್ರ ಬರಲಿಲ್ಲ, ಹಳೆಯ ಕೇಬಲ್ಲನ್ನು ಡಿಸ್ಕು ಒಪ್ಪುವುದಿಲ್ಲ ಎಂಬ ಸೂಚನೆ ಬಂತು. ಹೊಸ ಕಾರ್ಡಿನಿಂದ ನೇರ ಟೀವಿಗೆ ಎಚ್‌ಡಿಎಂಐ ಕೇಬಲ್ ಎಳೆದೆ. ಪರದೆಯ ತುಂಬ ಕಡಲು ತೆರೆದುಕೊಂಡಿತು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೀನಿನ ಮೈಮೇಲೆ ಒಂದೊಂದು ಹುರುಪೆಯೂ ಬೇರೆ ಬೇರೆ. ಬೆಳಕು ನೀರಿನೊಳಗೆ ಇಳಿಯುವಾಗ ತೇಲುವ ಧೂಳಿನ ಕಣಗಳೂ ಕಾಣುತ್ತಿದ್ದವು. ಅತ್ತಿಗೆ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು ನಿಂತುಬಿಟ್ಟರು. ನಾನು ಕಡಲನ್ನು ನೋಡುತ್ತಿದ್ದೆ. ಅಣ್ಣನ ಕಡೆ ನೋಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವರು ಮೆಲ್ಲಗೆ ಕೇಳಿದರು. "ಒಂದ್ ಚೂರು ಮಸುಕದ, ಅಲ್ವೇನ್ಲಾ?"

ಆ ಕ್ಷಣದಲ್ಲಿ ನನಗೆ ಹೊಳೆಯಬೇಕಿತ್ತು. ಮೂಲದಿಂದ ಹಿಡಿದು ಒಂದೊಂದೇ ನೋಡುತ್ತ ಬಂದಿದ್ದೆವು. ಡಿಸ್ಕು ಹೊಸದು, ಡ್ರೈವು ಹೊಸದು, ಕಾರ್ಡು, ಕೇಬಲ್ಲು, ಟೀವಿ ಎಲ್ಲ ಸರಿ. ಅದರಾಚೆ ಇನ್ನೊಂದೇ ಮನೆ ಉಳಿದಿತ್ತು, ಕೊನೆಯ ಮನೆ. ಅದು ನನ್ನ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡುತ್ತಿತ್ತು. ನಾನು ಏನು ಮಾಡಿದೆ? ರಿಮೋಟು ತೆಗೆದುಕೊಂಡು ಟೀವಿಯ ಶಾರ್ಪ್‌ನೆಸ್ಸನ್ನು ಏರಿಸಿದೆ. ಏರಿಸುತ್ತಲೇ ಹೋದೆ. ಮೀನುಗಳ ಅಂಚಿಗೆಲ್ಲ ಬಿಳಿ ಗೆರೆ ಬಂದು ಚಿತ್ರ ವಿಕಾರವಾಯಿತು. ಈಗ ಸರಿಯಾಯಿತು ಬುಡು ಎಂದರು ಅಣ್ಣ. ನಾನು ಅವರ ಮನೆಯ ಒಬ್ಬಟ್ಟು ತಿಂದು ಊರಿಗೆ ಬಂದೆ.

ದೀಪಾವಳಿಗೆ ಮೂರು ದಿನ ಮೊದಲು ಬೆಳಿಗ್ಗೆ ಎದ್ದವರು, ಯಾರೋ ಕಣ್ಣ ಮುಂದೆ ಕಪ್ಪುಪರದೆ ಎಳೆದಿದ್ದಾರೆ ಎಂದರಂತೆ. ಕಣ್ಣೊಳಗೆ ರಕ್ತನಾಳ ಒಡೆದಿತ್ತು. ಮೈಸೂರಿಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗಿದ್ದೆ. ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿ, ಮಸುಕು ಯಾವಾಗಿನಿಂದ ಎಂದು ಕೇಳಿದರು. ಅಣ್ಣ ನನ್ನತ್ತ ಕೈ ತೋರಿಸಿ, "ಇಂವ ಮೊದಲ್ನೇ ಡ್ರೈವ್ ಬದ್ಲಾಯಿಸದ್ಕೂ ಮುಂಚಿಂದ ಸಾರ್" ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬೆರಳು ಮಡಿಸಿ ಎಣಿಸಿದೆ. ಲೆನ್ಸ್ ಒರೆಸಿದ್ದು ಸಂಕ್ರಾಂತಿ. ಒಂಬತ್ತು ತಿಂಗಳಾಯಿತು ಸಾರ್ ಎಂದೆ.

ಶುಗರ್ ಇರುವವರಿಗೆ ಕಣ್ಣಿನ ಹಿಂಬದಿಯ ಪೊರೆಯಲ್ಲಿ ರಕ್ತನಾಳ ಸೋರುತ್ತದಂತೆ. ಮೂರು ನಾಲ್ಕು ತಿಂಗಳ ಹಿಂದೆ ಬಂದಿದ್ದರೂ ಲೇಸರು ಕೊಟ್ಟು ಇದ್ದಷ್ಟನ್ನು ಉಳಿಸಬಹುದಿತ್ತು ಎಂದರು ಡಾಕ್ಟರು. ಅವರು ಬೈಯಲಿಲ್ಲ, ಸಾಮಾನ್ಯ ದನಿಯಲ್ಲೇ ಹೇಳಿದರು. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರೂ ಎಣಿಸುತ್ತಿದ್ದರು. ಆಷಾಢದ ಕೊನೆಯಲ್ಲಿ ಅಣ್ಣ ಹೊಸಿಲು ಎಡವುತ್ತಿದ್ದುದನ್ನು ಕಂಡು, ಒಂದು ಸಲ ಕಣ್ಣು ತೋರಿಸೋಣ ಎಂದು ಅತ್ತಿಗೆ ಹೇಳಿದ್ದರಂತೆ. ನಿನ್ನ ತಮ್ಮನ ಮನೆ ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರಂತೆ ಅಣ್ಣ. ಮದುವೆ ಓಡಾಟದಲ್ಲಿ ಅತ್ತಿಗೆಯೂ ಸರಿ ಎಂದಿದ್ದರು. ಒಂದು ಕಣ್ಣು ದೀಪಾವಳಿಯ ಆ ವಾರವೇ ಹೋಯಿತು. ಇನ್ನೊಂದು ಯುಗಾದಿಯ ತನಕ ಇತ್ತು, ಹಗಲು ರಾತ್ರಿ ತಿಳಿಯುವಷ್ಟು.

ಕುರುಡರಾದ ಮೇಲೆ ಅವರು ಒರಟಾದರು. ಅನ್ನದ ತಟ್ಟೆ ದೂಡುತ್ತಿದ್ದರು. ಬೇಕರಿಯವನು ನೋಡಲು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು. ಇದ್ದಕ್ಕಿದ್ದಂತೆ ಪೆಟ್ಟಿಗೆ ಹಾಕಿಸಿ ಕಡಲಿನ ಡಿಸ್ಕಿನ ಸದ್ದು ಕೇಳುತ್ತ ಕೂರುವರು, ಅರ್ಧಕ್ಕೇ ಆರಿಸಲು ಕೂಗುವರು. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಹೇಳಬೇಕು ಎಂದುಕೊಂಡು, ಹೇಳದೆ ಬರುತ್ತಿದ್ದೆ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಇಬ್ಬರೇ ಇದ್ದೆವು. ಅತ್ತಿಗೆ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ತಡೆಯಲಾಗದೆ ಹೇಳಿಬಿಟ್ಟೆ. ನೀಲಿ ಹಸಿರು ತಂತಿ ಕಂಡ ದಿನವೇ ನನಗೆ ತಿಳಿಯಬೇಕಿತ್ತು, ಡ್ರೈವಿನ ಆಸೆಗೆ ನಾನು ಕುರುಡಾದೆ, ನಿಮ್ಮ ಕಣ್ಣು ಹೋದದ್ದು ನನ್ನಿಂದ ಎಂದೆ.

ಅವರು ಹೆಬ್ಬೆರಳಿನ ಉಗುರಿನಿಂದ ಜಗಲಿಯ ಗಾರೆ ಕೆರೆದರು.

"ಆ ಎರಡು ಕಂಬ ಅವಲ್ಲ" ಎಂದರು, ರಸ್ತೆಯ ಕಡೆ ಗದ್ದ ಎತ್ತಿ. "ಆಸಾಡ್ದಲ್ಲಿ ಒಂದಿನ ಇಲ್ಲೇ ಕೂತಿದ್ದೆ. ನಡುಮದ್ಯ ತಂತಿ ಸೊಟ್ಟುಗ ಕಾಣ್ತು. ಹಾವು ಹರ್ದಂಗ. ತಂತಿ ಜೋಲ್ತದ ಕಣ್ಲಾ, ಕಡ್ದು ಬೀಳ್ತದ. ಎಳ್ದು ಕಟ್ಟಿರ ತಂತಿ ಸೊಟ್ಟುಗ ಆಗಲ್ಲ. ಮೂವತ್ತೈದು ವರ್ಸ ನೋಡಿವ್ನಿ. ಒಂದ್ ಕಣ್ ಮುಚ್ಚಿ ನೋಡ್ದೆ, ಇನ್ನೊಂದ್ ಮುಚ್ಚಿ ನೋಡ್ದೆ. ಅವತ್ತೇ ನಂಗ ಗೊತ್ತಾಯ್ತು."

ಗೊತ್ತಿದ್ದೂ ಮತ್ತೆ ಯಾಕೆ ಡ್ರೈವು ತರಿಸಿದಿರಿ ಅಣ್ಣ ಎಂದು ಕೇಳಿದೆ.

"ಡ್ರೈವ್ದೇ ತಪ್ಪಾಗಿರ್ಲಿ ಅಂತ" ಎಂದರು.

ಅಷ್ಟೇ. ಮೂವತ್ತೈದು ವರ್ಷ ಕೊನೆಯ ಮನೆಯವರೆಗೆ ನಡೆದ ಮನುಷ್ಯ, ತನ್ನ ಮನೆಯ ಬಾಗಿಲಿಗೆ ಬಂದಾಗ ಹೆದರಿ ಕಂಬದಿಂದಲೇ ಹಿಂತಿರುಗಿದ್ದ. ನನಗೆ ಪಾಪ ಎನಿಸಬೇಕಿತ್ತು, ಎನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. ಅತ್ತಿಗೆ ತನ್ನ ತವರಿನ ಮದುವೆಗಾಗಿ ಗಂಡನ ಕಣ್ಣು ಕಳೆದೆ ಎಂದು ದಿನವೂ ನವೆಯುತ್ತಿದ್ದರು. ತಮ್ಮನ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಇವರಿಗೆ ಅದು ಕೇಳಿಸುತ್ತಿತ್ತು, ಕಿವಿ ಚೆನ್ನಾಗಿಯೇ ಇತ್ತು. ಮದುವೆಯ ನೆಪ ಹೇಳಿ ಮುಂದೂಡಿದ್ದು ತಾನೇ, ಗೊತ್ತಿದ್ದೇ ಮುಂದೂಡಿದ್ದು ಎಂದು ಒಂದು ಮಾತು ಹೇಳಲಿಲ್ಲ. ಅತ್ತಿಗೆಗಾದರೂ ಹೇಳಿ ಅಣ್ಣ ಎಂದೆ.

"ಏಳುದ್ರ ನಂಗ ಕಣ್ ಬತ್ತದಾ?" ಎಂದರು. "ನೀನೂ ಏಳ್ಬ್ಯಾಡ" ಎಂದರು. ಚಂದಕವಾಡಿಯಿಂದ ಬರುವ ದಾರಿಯಲ್ಲಿ ಸ್ಕೂಟರು ನಿಲ್ಲಿಸಿದ್ದಾಗ ಇದ್ದ ಅದೇ ದನಿ. ಅವತ್ತು ಅದು ನನ್ನನ್ನು ಉಳಿಸಲು ಹೇಳಿದ್ದು ಎಂದುಕೊಂಡಿದ್ದೆ. ಈಗ ಹಾಗೆನಿಸಲಿಲ್ಲ. ಎಲ್ಲ ಮನೆಯ ಬಾಗಿಲನ್ನೂ ತಟ್ಟಬಲ್ಲ ಆ ಮನುಷ್ಯನಿಗೆ, ತಪ್ಪು ಒಪ್ಪಿಕೊಳ್ಳಬೇಕಾದ ಬಾಗಿಲು ಮಾತ್ರ ಯಾವತ್ತೂ ತಟ್ಟಲು ಬರುತ್ತಿರಲಿಲ್ಲ. ಅದನ್ನೂ ನನಗೆ ಕಲಿಸಿಯೇ ಹೋದರು.

ಮುಂದೆ ಹೆಚ್ಚು ದಿನ ಬದುಕಲಿಲ್ಲ. ಕಿಡ್ನಿ ಕೈಕೊಟ್ಟಿತು.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಟೀವಿಯ ಮುಂದೆಯೇ ಫೋಟೋ ಇಟ್ಟು ಹಾರ ಹಾಕಿದ್ದರು. ಜನ ಉಂಡು ಹೋದ ಮೇಲೆ ಅತ್ತಿಗೆ, ಆ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿಬಿಡು, ಕಣ್ಣೆದುರು ಇರುವುದು ಬೇಡ ಎಂದರು. ತಂತಿಗಳನ್ನು ಒಂದೊಂದಾಗಿ ಬಿಚ್ಚಿದೆ. ಡ್ರೈವಿನಲ್ಲಿ ಕಡಲಿನ ಡಿಸ್ಕು ಇನ್ನೂ ಒಳಗೇ ಇತ್ತು. ಅದನ್ನು ಬೇಕರಿಯವರಿಗೆ ಕೊಡಲು ತೆಗೆದಿಟ್ಟೆ. ಅತ್ತಿಗೆ ಗೋಡೆಗೆ ಒರಗಿ ನೋಡುತ್ತಿದ್ದರು.

"ಆ ಮದ್ವ ಒಂದಿಲ್ದೆ ಇದ್ದಿದ್ರ ಅವರ ಕಣ್ ಉಳೀತಿತ್ತಲ್ವಾಪ್ಪ?" ಎಂದರು.

ನಿಮ್ಮದೇನೂ ತಪ್ಪಿಲ್ಲ ಅತ್ತಿಗೆ ಎಂದೆ.

"ಎಲ್ರೂ ಅಂಗೇ ಅಂತರ. ತಪ್ಪಿಲ್ಲ, ತಪ್ಪಿಲ್ಲ ಅಂತರ. ಯಾಕ ಇಲ್ಲ ಅಂತ ಒಬ್ರೂ ಏಳಲ್ಲ."

ಯಾಕೆ ಇಲ್ಲ ಎಂದು ಹೇಳಬಲ್ಲವನು ಲೋಕದಲ್ಲಿ ಒಬ್ಬನೇ ಉಳಿದಿದ್ದ, ಅವರೆದುರೇ ಸ್ಕ್ರೂಡ್ರೈವರು ಹಿಡಿದು ಕೂತಿದ್ದ. ಮಾತು ನಾಲಿಗೆಯ ತುದಿಯವರೆಗೆ ಬಂತು. ಅಣ್ಣನ ಫೋಟೋ ನೋಡಿದೆ. ಹೇಳಿದರೆ ಇವರಿಗೆ ಗಂಡನ ಮೇಲೆ ಉಳಿದಿರುವ ಅಷ್ಟಿಷ್ಟೂ ಹೋದೀತು ಎಂದುಕೊಂಡೆ. ಸತ್ತವರಿಗೆ ಕೊಟ್ಟ ಮಾತು ಎಂದುಕೊಂಡೆ. ಕಾರಣ ನನಗೆ ಯಾವತ್ತೂ ಸಿದ್ಧವಾಗಿಯೇ ಸಿಗುತ್ತದೆ. ತಲೆ ಬಗ್ಗಿಸಿ ಕೇಬಲ್ ಸುತ್ತಿದೆ.

ಅತ್ತಿಗೆ ಕಾದು ನೋಡಿ, ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಟೀ ಇತ್ತು. ಗಂಟೆ ಹೊಡೆಯದ ಮನೆಯಲ್ಲಿ ಅಣ್ಣ ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಲೋಟ ಇಸಿದುಕೊಂಡು, ಚಾಪೆಯ ಅಂಚಿನಲ್ಲಿ ಕೂತು, ಪೂರ್ತಿ ಕುಡಿದೆ.